ಅಡಿಗೆಮನೆಗೆ ಹೋಗದ ಪತ್ತೇದಾರ

ಕೋಡಿಬಾಗ, ಕಾರವಾರ
ಆಷಾಢದ ಒಂದು ಮಧ್ಯಾಹ್ನ

ಪ್ರೀತಿಯ ತಂಗೀ,

ನಿನ್ನ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಬಂದು ಮೂರು ವಾರವಾಯಿತು. ಒಂದು ವಾರ ಕರೆಂಟಿರಲಿಲ್ಲ, ಇನ್ನೊಂದು ವಾರ ಕನ್ನಡಕವಿರಲಿಲ್ಲ, ಉಳಿದ ವಾರದಲ್ಲಿ ಎರಡು ಸಲ ಓದಿದೆ. ಪತ್ರದಲ್ಲಿ ನಾಲ್ಕು ಕಡೆ ‘ಮೇಡಂ’ ಅಂತ ಬರೆದಿದ್ದೀ. ಶಿರಸಿ ಕಡೆಯ ಹುಡುಗಿ ನೀನು, ಅಕ್ಕ ಅಂದರೆ ಸಾಕು.

‘ಗಟ್ಟಿ ಹೆಣ್ಣು ಪತ್ತೇದಾರರಿರುವ ಥ್ರಿಲ್ಲರುಗಳನ್ನು ಗುಡ್ಡೆ ಹಾಕಿಕೊಂಡು ಓದುತ್ತಿದ್ದೇನೆ, ಆದರೂ ನನ್ನ ಪಿಎಸ್‌ಐ ಯಾಕೆ ರಟ್ಟಿನ ಗೊಂಬೆಯ ಹಾಗೆ ಕಾಣುತ್ತಾಳೆ?’ ಅಂತ ಕೇಳಿದ್ದೀಯಲ್ಲ, ಅದು ನನಗೆ ಇಷ್ಟವಾಯಿತು. ತನ್ನ ಗೊಂಬೆ ರಟ್ಟಿನದು ಅಂತ ಕಾಣುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ನಾನು ಕೊಡಬಹುದಾದ ಉತ್ತರ ನಮ್ಮೂರ ಅಡಿಕೆ ಚಪ್ಪರದಿಂದ ಶುರುವಾಗುತ್ತದೆ. ಸ್ವಲ್ಪ ತಾಳಿಕೋ.

1970ರ ದಶಕದ ಮಾತು. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಹತ್ತು ಹನ್ನೆರಡು ಹೆಂಗಸರು ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು. ನಮ್ಮ ಸಣ್ಣತ್ತೆ ಲಾಟೀನಿನ ಪಕ್ಕ ಕೂತು ಅವರಿಗೆ ಪತ್ತೇದಾರಿ ಕಾದಂಬರಿ ಓದಿ ಹೇಳುವುದು ವಾಡಿಕೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಂದರೆ ಸುಲಿಯುವವರಿಗೆ ಮನೆಯ ಅಳಿಯನಷ್ಟು ಪರಿಚಯ. ಸಣ್ಣತ್ತೆ ಪುಸ್ತಕ ಕೈಗೆ ಬಂದ ಮಧ್ಯಾಹ್ನವೇ ಕೊನೆಯ ಅಧ್ಯಾಯ ಓದಿ ಮುಗಿಸಿಬಿಡುವಳು. ನಾನು ಜಗಳವಾಡಿದರೆ, ‘ಯಾರು ಕೊಂದ ಹೇಳದು ಗೊತ್ತಿದ್ರೇ ಎಲ್ಲಿ ನಿಲ್ಸಕು ಹೇಳದು ಗೊತ್ತಾಗ್ತು ಕೂಸೆ’ ಅನ್ನುತ್ತಿದ್ದಳು. ನಿಲ್ಲಿಸುವುದೋ, ಬಾಗಿಲ ಚಿಲಕ ಅಲ್ಲಾಡುವ ಹೊತ್ತಿಗೆ. ಮರುದಿನ ಒಬ್ಬ ಹೆಂಗಸೂ ಕೆಲಸ ತಪ್ಪಿಸುತ್ತಿರಲಿಲ್ಲ. ಪೇಟೆಗೆ ಹೋದಾಗಲೆಲ್ಲ ಅಪ್ಪಯ್ಯ ಗೊಣಗದೆ ಎರಡು ಕಾದಂಬರಿ ತರುತ್ತಿದ್ದುದು ಸಾಹಿತ್ಯದ ಪ್ರೀತಿಯಿಂದ ಅಂತ ನಾನು ಬಹಳ ವರ್ಷ ನಂಬಿದ್ದೆ.

ಒಂದು ರಾತ್ರಿ, ಯಾವ ಕಾದಂಬರಿಯೋ ಈಗ ಮರೆತಿದೆ, ಸಾಹುಕಾರನ ಕೊಲೆಯಾಗಿದೆ, ಪತ್ತೇದಾರ ಜಗಲಿಯಲ್ಲಿ ಕೂತು ಮೂವರು ಗಂಡಸರನ್ನು ವಿಚಾರಿಸುತ್ತಿದ್ದಾನೆ. ಸುಲಿಯುತ್ತಿದ್ದವರಲ್ಲಿ ಒಬ್ಬಳು ತಲೆ ಎತ್ತದೆ ಕೇಳಿದಳು: ‘ಅವನ ಹೆಂಡ್ತಿ ಆ ಹೊತ್ತಿಗೆ ಎಲ್ಲಿದ್ದಿದ್ಲು?’ ಸಣ್ಣತ್ತೆ ಪುಟ ಹಿಂದೆ ಮುಂದೆ ಮಾಡಿದಳು. ಹೆಂಡತಿ ಎಲ್ಲೂ ಇರಲಿಲ್ಲ. ಚಾ ತಂದಿಟ್ಟು ಒಳಗೆ ಹೋದವಳು ಕಾದಂಬರಿಯಿಂದಲೇ ಹೊರಟುಹೋಗಿದ್ದಳು. ‘ಇಂವ ಒಂದು ಸಲನೂ ಅಡಿಗೆಮನೆ ಬದಿಗೆ ಹೋಜ್ನಿಲ್ಲೆ. ಹೋಗಿದ್ರೆ ಎರಡನೇ ದಿನಕ್ಕೇ ಕಥೆ ಮುಗೀತಿತ್ತು’ ಅಂದಳು ಸಣ್ಣತ್ತೆ. ಚಪ್ಪರವೆಲ್ಲ ನಕ್ಕಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಪತ್ತೇದಾರನೇ ಹೆಂಗಸಾಗಿದ್ದರೆ ಎಲ್ಲಿ ಕೂರುತ್ತಿದ್ದಳು, ಯಾರು ಅವಳ ಹತ್ತಿರ ಮಾತಾಡುತ್ತಿದ್ದರು, ಯಾರು ಬಾಯಿ ಮುಚ್ಚುತ್ತಿದ್ದರು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ. ಇವತ್ತಿಗೂ ಥ್ರಿಲ್ಲರ್ ಹಿಡಿದರೆ ನಾನು ನೋಡುವುದು ಇದನ್ನೇ: ಇವಳಿಗೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ.

ನಿನ್ನ ಪಿಎಸ್‌ಐ ಬುಲೆಟ್ ಓಡಿಸುತ್ತಾಳೆ, ಬಂದರಿನಲ್ಲಿ ನಾಲ್ವರನ್ನು ಕೆಡಹುತ್ತಾಳೆ, ಸಿಗರೇಟು ಸೇದುತ್ತಾಳೆ. ಓಡಿಸಲಿ, ಕೆಡಹಲಿ, ಸೇದಲಿ. ಆದರೆ ಅವಳ ಜಾಗದಲ್ಲಿ ಮೀಸೆಯ ಇನ್ಸ್‌ಪೆಕ್ಟರನನ್ನು ಕೂರಿಸಿ ಓದಿ ನೋಡಿದೆ, ಒಂದು ಸಾಲೂ ಬದಲಾಗಬೇಕಾಗಲಿಲ್ಲ. ರಟ್ಟು ಇರುವುದು ಅಲ್ಲಿ.

ಇಂಗ್ಲಿಷಿನಲ್ಲಿ ಹೆಣ್ಣು ಪತ್ತೇದಾರಳ ಕಥೆಗಳು 1864ರಲ್ಲೇ ಪುಸ್ತಕವಾಗಿ ಬಂದಿದ್ದವು. ಲಂಡನ್ ಪೊಲೀಸಿಗೆ ಹೆಂಗಸರು ಸೇರಿದ್ದು 1919ರಲ್ಲಿ. ಅಂದರೆ ಐವತ್ತೈದು ವರ್ಷ ಲೇಖಕರು ಇಲ್ಲದವಳನ್ನು ಬರೆದರು. ಇಲ್ಲದವಳನ್ನು ಬರೆಯುವಾಗ ಅವಳು ಯಾವ ನೆಪದಲ್ಲಿ ಮನೆಯೊಳಗೆ ಹೋದಳು ಅನ್ನುವುದನ್ನು ನಂಬುವಂತೆ ಕಟ್ಟಲೇಬೇಕಾಗುತ್ತದೆ. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್‌ಗೆ ಅಧಿಕಾರ ಇಲ್ಲ, ಹರೆಯವೂ ಇಲ್ಲ. ಇರುವುದು ಹೆಣಿಗೆಯ ಕಡ್ಡಿ ಮತ್ತು ಹಳ್ಳಿಯ ನೆನಪು. ಕೊಲೆಗಾರನನ್ನು ನೋಡಿದರೆ ಅವಳಿಗೆ ತಮ್ಮೂರಿನ ಯಾರದೋ ಬುದ್ಧಿ ನೆನಪಾಗುತ್ತದೆ. ನಮ್ಮ ಕಡೆ ಮದುವೆ ಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಾ ಕೂತ ಯಾವ ಅಜ್ಜಿಯನ್ನು ಬೇಕಾದರೂ ಹಾಗೆ ಎಬ್ಬಿಸಿ ಕೂರಿಸಬಹುದು. 1982ರಲ್ಲಿ ಅಮೆರಿಕದಲ್ಲಿ ಸೂ ಗ್ರಾಫ್ಟನ್ ಮತ್ತು ಸಾರಾ ಪ್ಯಾರೆಟ್ಸ್ಕಿ ಇಬ್ಬರೂ ಒಂದೇ ವರ್ಷ ತಮ್ಮ ತಮ್ಮ ಖಾಸಗಿ ಪತ್ತೇದಾರಿಣಿಯರನ್ನು ತಂದರು. ನೀನು ಓದುತ್ತಿರುವ ಗಟ್ಟಿಗಿತ್ತಿಯರಲ್ಲಿ ಬಹಳಷ್ಟು ಮಂದಿ ಈ ಇಬ್ಬರ ಮೊಮ್ಮಕ್ಕಳು. ಮೊಮ್ಮಕ್ಕಳನ್ನು ಓದಿದ್ದಾಯಿತು, ಅಜ್ಜಿಯರನ್ನೂ ಓದು.

ನನಗೆ ಇವರೆಲ್ಲರಿಗಿಂತ ಹತ್ತಿರದವರು ಒಬ್ಬರಿದ್ದಾರೆ, ಕಥೆಯವರಲ್ಲ, ನಿಜವಾಗಿ ಬದುಕಿದ್ದವರು. ಕಾರ್ನೆಲಿಯಾ ಸೊರಾಬ್ಜಿ 1866ರಲ್ಲಿ ನಾಸಿಕದಲ್ಲಿ ಹುಟ್ಟಿದರು, ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಹೆಂಗಸು. ಹೆಂಗಸರಿಗೆ ವಕೀಲಿಕೆಗೆ ಅಡ್ಡಿಯಿಲ್ಲ ಅಂತ ಇಲ್ಲಿ ಕಾಯಿದೆ ಬಂದದ್ದು 1923ರಲ್ಲಿ. ಅದಕ್ಕೂ ಮುಂಚೆ, 1904ರಿಂದ, ಅವರು ಬಂಗಾಳದ ಕಡೆ, ಅಪ್ರಾಪ್ತರ ಮತ್ತು ಹೆಂಗಸರ ಆಸ್ತಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಇಲಾಖೆ ಕೋರ್ಟ್ ಆಫ್ ವಾರ್ಡ್ಸ್‌ಗೆ ಸಲಹೆಗಾರ್ತಿಯಾಗಿ, ಪರದೆಯೊಳಗಿನ ಹೆಂಗಸರ ಆಸ್ತಿಪಾಸ್ತಿಯ ಕೆಲಸ ನೋಡಿದರು. ಗಂಡಸು ವಕೀಲ ಪರದೆಯ ಈಚೆಯೇ ನಿಲ್ಲಬೇಕು. ಇವರು ದಾಟಿ ಹೋಗಬಹುದು. ಸುಜಾತಾ ಮ್ಯಾಸಿಯವರ ಪರ್ವೀನ್ ಮಿಸ್ತ್ರಿ, 1921ರ ಮುಂಬಯಿಯ ವಕೀಲೆ, ಹುಟ್ಟಿಕೊಂಡಿದ್ದು ಇವರ ನೆರಳಿನಿಂದ. ಅವಳ ಕಾದಂಬರಿ ಓದುವಾಗ ಪೆನ್ಸಿಲ್ ಹಿಡಿದು ಕೂರು. ಅವಳು ಒಳಗೆ ಹೋದ ಕಡೆಯೆಲ್ಲ ಒಂದು ಗೆರೆ ಎಳೆ, ಕಥೆ ತಿರುಗಿದ ಕಡೆಯೆಲ್ಲ ಇನ್ನೊಂದು. ಎರಡು ಗೆರೆ ಎಷ್ಟು ಸಲ ಒಂದೇ ಪುಟದಲ್ಲಿ ಬೀಳುತ್ತವೆ ಅಂತ ಎಣಿಸಿ ನನಗೆ ಹೇಳು.

ಈಗ ನಿನ್ನ ಮೂರನೇ ಅಧ್ಯಾಯ. ಮದುವೆಯಾಗಿ ಮೂರು ವರ್ಷದ ಸೊಸೆ ತೋಟದ ಬಾವಿಯಲ್ಲಿ ಸತ್ತಿದ್ದಾಳೆ. ನಿನ್ನ ಪಿಎಸ್‌ಐ ಬಂದು, ಅರ್ಧ ತಾಸಿನಲ್ಲಿ ತಾನೇ ಶವದ ಪಂಚನಾಮೆ ಮುಗಿಸಿ, ಮರುದಿನ ಅತ್ತೆಯನ್ನೂ ಇಬ್ಬರು ನಾದಿನಿಯರನ್ನೂ ಠಾಣೆಗೆ ಕರೆಸಿ ಮೇಜು ಗುದ್ದುತ್ತಾಳೆ. ಎರಡೂ ತಪ್ಪು, ಎರಡೂ ತಪ್ಪಿನಲ್ಲಿ ನಿನ್ನ ಕಥೆ ಕೈತಪ್ಪಿದೆ. ಮದುವೆಯಾಗಿ ಏಳು ವರ್ಷದೊಳಗಿನ ಹೆಂಗಸು ಸಂಶಯ ಬರುವಂತೆ ಸತ್ತರೆ ದಂಡಾಧಿಕಾರಿಯ ವಿಚಾರಣೆ ಆಗಬೇಕು, ನಮ್ಮಲ್ಲಿ ಅದಕ್ಕೆ ತಹಶೀಲ್ದಾರರು ಬರುತ್ತಾರೆ. ಇನ್ನು ಸಾಕ್ಷಿ ಹೇಳುವ ಹೆಂಗಸನ್ನು ಅವಳಿರುವ ಜಾಗ ಬಿಟ್ಟು ಬೇರೆಡೆಗೆ ಬಾ ಅಂತ ಪೊಲೀಸರು ಒತ್ತಾಯಿಸುವಂತಿಲ್ಲ. ಅವಳಾಗಿ ಬಂದರೆ ಬೇರೆ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು ತೆಗೆದು ನೋಡು. ಹಳೆಯ ಕಾಯಿದೆ ಸಿಆರ್‌ಪಿಸಿಯಲ್ಲಿ ಇದೇ ಮಾತು 160ರಲ್ಲಿತ್ತು.

ಕಾನೂನು ತಪ್ಪಿತು ಅಂತ ಕೆಂಪು ಗೀಟು ಹಾಕುವುದಕ್ಕೆ ಇದನ್ನು ಹೇಳುತ್ತಿಲ್ಲ. ತಹಶೀಲ್ದಾರರು ಬರುವ ತನಕ ಆ ಮನೆಯಲ್ಲಿ ಏನಾಗುತ್ತದೆ ಅಂತ ಯೋಚಿಸು. ಘಟ್ಟದಲ್ಲಿ ಮರ ಬಿದ್ದು ಜೀಪು ನಿಂತಿದೆ. ಬಾವಿಕಟ್ಟೆಯ ಮೇಲೆ ಕಂಬಳಿ ಹೊದಿಸಿದ ದೇಹ. ತವರಿನವರು ಇನ್ನೂ ದಾರಿಯಲ್ಲಿದ್ದಾರೆ. ಮಳೆ ಹೊಯ್ಯುತ್ತಿದೆ, ಅಂಗಳದ ಹೆಜ್ಜೆ ಗುರುತು ಒಂದೊಂದಾಗಿ ಕರಗುತ್ತಿದೆ. ಒಳಗೆ ಯಾರೋ ಪಾತ್ರೆ ತಿಕ್ಕುವ ಸದ್ದು. ಈ ಹೊತ್ತಿನಲ್ಲಿ ಪಾತ್ರೆ ಯಾಕೆ ತಿಕ್ಕುತ್ತಿದ್ದಾರೆ? ನಿನ್ನ ಪಿಎಸ್‌ಐಗೆ ಅದು ಕೇಳಿಸುತ್ತದೆ, ಜಗಲಿಯಲ್ಲಿ ಕವಳ ಹಾಕುತ್ತಾ ಕೂತ ಪಂಚರಿಗೆ ಕೇಳಿಸುವುದಿಲ್ಲ. ಹತ್ತು ಪುಟ ಬರೆಯಬಹುದಾದ ಸಸ್ಪೆನ್ಸ್ ಇದು, ನೀನು ಅರ್ಧ ತಾಸಿನಲ್ಲಿ ಮುಗಿಸಿದ್ದೀ.

ಆಮೇಲೆ ಅವಳು ಆ ಮನೆಗೆ ಮತ್ತೆ ಹೋಗಬೇಕು. ಅತ್ತೆ ‘ಆಸರಿಗೆ ಎಂತ ಕುಡೀತೆ?’ ಅಂತ ಕೇಳುತ್ತಾಳೆ, ಏಕವಚನದಲ್ಲೇ, ಯೂನಿಫಾರಂ ನೋಡಿಯೂ. ಅತ್ತೆ ಎದುರಿನಿಂದ ಏಳುವುದಿಲ್ಲ, ಅವಳಿದ್ದರೆ ಸಣ್ಣ ನಾದಿನಿ ಬಾಯಿ ಬಿಡುವುದಿಲ್ಲ. ಗಂಡಸು ಅಧಿಕಾರಿ ಇಲ್ಲಿ ಗದರಿಸುತ್ತಿದ್ದ. ಇವಳು ಬಚ್ಚಲು ಎಲ್ಲಿ ಅಂತ ಕೇಳಬಹುದು. ದಾರಿ ತೋರಿಸಲು ಸಣ್ಣವಳೇ ಏಳಬೇಕಾಗುತ್ತದೆ. ಬಚ್ಚಲ ಒಲೆಯ ಹೊಗೆಯಲ್ಲಿ ಇಬ್ಬರೂ ಎರಡು ನಿಮಿಷ ಸಿಕ್ಕುತ್ತಾರೆ. ಆ ಎರಡು ನಿಮಿಷವನ್ನು ಬರೆ, ಬಂದರಿನ ಹೊಡೆದಾಟ ಆಮೇಲೆ ನೋಡೋಣ.

ಕಷಾಯದ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದವರು, ವಿಷ ಅವರಿಗೆ ಕೈಯಳತೆಯಲ್ಲಿ ಗೊತ್ತಿತ್ತು. ನೀನು ತೋಟದವರ ಮಗಳಾಗಿ ಮೈಲುತುತ್ತನ್ನು ಕಷಾಯಕ್ಕೆ ಬೆರೆಸಿ, ಯಾರಿಗೂ ಗೊತ್ತಾಗಲಿಲ್ಲ ಅಂತ ಬರೆದೆಯಲ್ಲ! ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಕದಡುವ ದಿನ ನಿಮ್ಮ ಮನೆಯ ಡ್ರಮ್ಮು, ಬಕೆಟ್ಟು, ಮದ್ದು ಹೊಡೆಯುವವನ ಅಂಗಿ ಎಲ್ಲ ಯಾವ ಬಣ್ಣ? ಆ ಕನರಿಗೆ, ಆ ನೀಲಿಗೆ ಎರಡನೇ ಗುಟುಕು ಯಾರೂ ಕುಡಿಯುವುದಿಲ್ಲ, ಕುಡಿದದ್ದೂ ವಾಂತಿಯಾಗಿ ಹೊರಬರುತ್ತದೆ. ಹಾಗೆಯೇ ನಿನ್ನ ಕೊಲೆಗಾರ 2025ರಲ್ಲಿ ಕಾಳಿಯ ಹಳೇ ಸೇತುವೆಯ ಮೇಲೆ ಓಡುತ್ತಾನೆ. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿಯೊಂದರ ಸಮೇತ ನದಿಗೆ ಕುಸಿದುಬಿತ್ತು.

ನಾನೇನು ತಪ್ಪದವಳಲ್ಲ. ವರ್ಷಗಳ ಹಿಂದೆ ವಾರಪತ್ರಿಕೆಯೊಂದರಲ್ಲಿ ನನ್ನದೊಂದು ಧಾರಾವಾಹಿ ಬರುತ್ತಿತ್ತು. ಕೊಲೆಗಾರ ನೀರಿಳಿದ ಹೊತ್ತಿನಲ್ಲಿ ಅಳಿವೆಯ ಮರಳ ದಿಬ್ಬದ ಮೇಲೆ ನಡೆದು ಆಚೆ ದಡ ಸೇರಿದ ಅಂತ ಬರೆದಿದ್ದೆ. ಕತ್ತಲು ಬೇಕಿತ್ತು, ಸ್ವಲ್ಪ ಬೆಳದಿಂಗಳೂ ಬೇಕಿತ್ತು, ಅದಕ್ಕೆ ಅಷ್ಟಮಿ ಅಂತ ಹಾಕಿದೆ. ಆ ವಾರ ಮನೆ ಬಾಗಿಲಿಗೆ ಬರುವ ಮೀನಿನವಳು ಬುಟ್ಟಿ ಇಳಿಸುತ್ತಲೇ, ‘ನನ್ ಮಗಳು ಓದಿ ಹೇಳಿದ್ಲು. ಅಷ್ಟಮಿ ದಿವ್ಸ ನೀರು ಅಷ್ಟೆಲ್ಲಾ ಇಳೂದಿಲ್ಲ ಬಾಯೀ, ನಿಮ್ಮವ ಮುಳುಗಿ ಸತ್ತ’ ಅಂದಳು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುತ್ತದೆ, ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಎರಡೂ ಕುಗ್ಗುತ್ತವೆ. ದಿನಕ್ಕೆ ಎರಡು ಭರತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅವಳು ಇದನ್ನು ತಿಥಿ ಎಣಿಸಿ ಬೆರಳ ಗೆಣ್ಣಿನ ಮೇಲೆ ಹೇಳಿದಳು, ಅಘನಾಶಿನಿ ನದಿಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಗೋರುತ್ತಾ ಬೆಳೆದವಳು. ಅವತ್ತು ಬಂಗಡೆಯ ದುಡ್ಡಿನ ಮೇಲೆ ಹೆಚ್ಚು ಚೌಕಾಸಿ ಮಾಡುವ ಧೈರ್ಯ ನನಗೆ ಬರಲಿಲ್ಲ. ಧಾರಾವಾಹಿ ಪುಸ್ತಕವಾಗುವಾಗ ಅಷ್ಟಮಿಯನ್ನು ಹಾಗೇ ಉಳಿಸಿಕೊಂಡೆ. ಆರೋಪಿಯ ಸುಳ್ಳು ಸಿಕ್ಕಿಬೀಳುವುದೇ ಅಲ್ಲಿಂದ ಅಂತ ಮಾಡಿ, ಅದನ್ನು ಹಿಡಿಯುವ ಕೆಲಸ ಮೀನು ಮಾರುವವಳೊಬ್ಬಳಿಗೆ ಕೊಟ್ಟೆ. ಮುಖಪುಟದಲ್ಲಿ ಮಾತ್ರ ಜೀನ್ಸ್ ತೊಟ್ಟ ಹುಡುಗಿ ರಿವಾಲ್ವರ್ ಹಿಡಿದು ನಿಂತಿದ್ದಳು, ಪುಸ್ತಕದಲ್ಲಿ ಎಲ್ಲೂ ಇಲ್ಲದವಳು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೊಂದು ಸಿಟ್ಟು, ನೀನು ಓದುತ್ತಿರುವ ಪುಸ್ತಕಗಳು ಅಂತ ಕಳಿಸಿದ ಪಟ್ಟಿಯ ಮೇಲಿನದು. ಇತ್ತೀಚಿನ ಥ್ರಿಲ್ಲರುಗಳಲ್ಲಿ ಹೆಣ್ಣು ಪತ್ತೇದಾರಳಿಗೆ ಹಿಂದೆ ಏನೋ ಒಂದು ಘೋರ ಆಗಿರಲೇಬೇಕು. ಗಂಡಸಾದರೆ ಕೆಲಸ ಅಂತ ಮಾಡುತ್ತಾನೆ, ಯಾರೂ ಕಾರಣ ಕೇಳುವುದಿಲ್ಲ. ಇವಳಿಗೆ ಮಾತ್ರ ಸತ್ತ ತಂಗಿ ಬೇಕು, ಗಾಯದ ಕಲೆ ಬೇಕು. ನಿನ್ನವಳ ಸತ್ತ ತಂಗಿಯನ್ನು ತೆಗೆದುಹಾಕು. ಅವಳಿಗೆ ಈ ಕೆಲಸ ಬರುತ್ತದೆ, ಅದರಲ್ಲಿ ರುಚಿಯಿದೆ, ಅಷ್ಟು ಸಾಕು. ತೊಂದರೆ ಬೇಕಾದರೆ ದಿನದ್ದೇ ಬೇಕಾದಷ್ಟಿದೆ. ಹೆಂಗಸೊಬ್ಬಳ ಮೈ ತಪಾಸಣೆಗೆ ಹೆಂಗಸೇ ಬೇಕು, ಹಾಗಾಗಿ ಇವಳ ಕೇಸು ಬಿಸಿಯಾಗಿರುವಾಗಲೇ ಬೇರೆಯವರ ಕೇಸಿಗೆ ಕರೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ, ಬಂದೋಬಸ್ತಿನಲ್ಲಿ ಹೆಂಗಸರ ಸಾಲಿನ ಮುಂದೆ ದಿನವಿಡೀ ನಿಲ್ಲಬೇಕು. ಅವಳು ಅಲ್ಲಿ ನಿಂತಿರುವಾಗ ಊರಲ್ಲಿ ಸಣ್ಣ ನಾದಿನಿಯನ್ನು ಯಾರೋ ಬೈಕಿನಲ್ಲಿ ಕರೆದೊಯ್ಯುತ್ತಿದ್ದಾರೆ. ಓದುವವರಿಗೆ ಅದು ಗೊತ್ತು, ಅವಳಿಗೆ ಗೊತ್ತಿಲ್ಲ. ಸಣ್ಣತ್ತೆ ಪುಸ್ತಕ ಮುಚ್ಚುತ್ತಿದ್ದುದು ಇಂಥ ಕಡೆ.

ಸುಳಿವು ಅಡಗಿಸುವುದನ್ನೂ ಕೇಳಿದ್ದೀ. ನನಗೆ ಗೊತ್ತಿರುವುದು ಒಂದೇ ಉಪಾಯ: ಓದಿ ಮುಗಿಸಿದ ಪುಸ್ತಕವನ್ನು ಮೊದಲಿಂದ ತೆಗೆದು, ಸುಳಿವು ಬಂದ ಸಾಲಿನ ಅಕ್ಕಪಕ್ಕ ಏನಿತ್ತು ಅಂತ ನೋಡು. ಹೆಚ್ಚಿನ ಸಲ ಒಂದು ಜಗಳವೋ ತಮಾಷೆಯೋ ಇರುತ್ತದೆ, ಇಲ್ಲವೇ ಐದಾರು ಸಾಮಾನಿನ ಪಟ್ಟಿಯ ನಡುವೆ ಅದು ಕೂತಿರುತ್ತದೆ. ಒರಳು, ಮೆಟ್ಟುಗತ್ತಿ, ಒದ್ದೆ ಕೊಡ, ಸೌತೆಕಾಯಿ, ಹಳೇ ಪಂಚಾಂಗ ಅಂತ ಬರೆದರೆ ಕೊಡ ಯಾಕೆ ಒದ್ದೆ ಅಂತ ಯಾರೂ ನಿಲ್ಲುವುದಿಲ್ಲ, ನಿನ್ನ ಪಿಎಸ್‌ಐ ಒಬ್ಬಳನ್ನು ಬಿಟ್ಟು. ಅವಳು ನಿಂತದ್ದನ್ನೂ ಬರೆದುಬಿಡು. ಅವಳು ಕಂಡದ್ದನ್ನು ಓದುಗರಿಂದ ಬಚ್ಚಿಟ್ಟು ಕೊನೆಯಲ್ಲಿ ಜೇಬಿನಿಂದ ತೆಗೆಯುವುದು ಮೋಸ. ಅಡಿಕೆ ಸುಲಿಯುವವರು ಅದನ್ನು ಒಂದು ಸಲವೂ ಕ್ಷಮಿಸಿದ್ದಿಲ್ಲ.

ಮೂರನೇ ಅಧ್ಯಾಯ ಹೊಸದಾಗಿ ಬರೆದು ಕಳಿಸು, ಉಳಿದದ್ದಕ್ಕೆ ಈಗ ಕೈ ಹಚ್ಚಬೇಡ. ಜುಲೈ 31ಕ್ಕೆ ಟ್ರಾಲರುಗಳ ಬಂದ್ ಮುಗಿಯುತ್ತದೆ, ಆಮೇಲೆ ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಅಮಾವಾಸ್ಯೆಗೆ ಕುಮಟಾದ ತನಕ ಬಾ. ಮೀನಿನವಳ ಮಗಳು ಈಗ ಅಲ್ಲೇ ಇದ್ದಾಳೆ, ಅವಳ ಜೊತೆ ಬಳಚು ಗೋರುವಲ್ಲಿಗೆ ಹೋಗೋಣ. ಹಳೇ ಚಪ್ಪಲಿ ಹಾಕಿಕೊಂಡು ಬಾ, ಕೆಸರಿನಲ್ಲಿ ಒಂದಾದರೂ ಹೋಗುತ್ತದೆ. ಹೋದ ವರ್ಷ ಒಯ್ದ ನನ್ನ ಎರಡು ಪುಸ್ತಕಗಳನ್ನೂ ತಾ.

ನಿನ್ನ
ಅಕ್ಕ