ಜಪಾನಿಗೆ ಹೊರಟವರು ಅರ್ಧ ದಿನ ಬಿಡುವು ಇಟ್ಟುಕೊಳ್ಳಿ

ಮಾನ್ಯ ಸಂಪಾದಕರೆ,

ಈಗ ಜಪಾನಿಗೆ ಹೋಗಿ ಬರುವವರು ನಮ್ಮ ಕಡೆಯಲ್ಲೂ ಜಾಸ್ತಿಯಾಗಿದ್ದಾರೆ. 2024ರಲ್ಲಿ ಆ ದೇಶಕ್ಕೆ ಬಂದ ವಿದೇಶಿಯರ ಸಂಖ್ಯೆ 3 ಕೋಟಿ 68 ಲಕ್ಷ ದಾಟಿತು. ಅದರಲ್ಲಿ ಭಾರತದವರು 2 ಲಕ್ಷಕ್ಕೂ ಹೆಚ್ಚು. ಹಾಗಾಗಿ ಪತ್ರಿಕೆಗಳ ಪ್ರವಾಸದ ಪುಟದಲ್ಲಿ ಟೋಕಿಯೊ, ಕ್ಯೋಟೊ ಆಗಾಗ ಕಾಣಿಸುತ್ತವೆ. ಬುಲೆಟ್ ರೈಲು, ಫ್ಯೂಜಿ ಬೆಟ್ಟ, ಚೆರ್ರಿ ಹೂವು ಎಲ್ಲ ಇರುತ್ತದೆ. ಆದರೆ ಹೊರಗಿನಿಂದ ಬಂದವರನ್ನು ಹತ್ತಿರ ಕೂರಿಸಿಕೊಂಡು ತಮ್ಮ ಕಲೆ, ಊಟ, ದೇವರು, ಕಥೆ ಎಲ್ಲವನ್ನೂ ಪರಿಚಯಿಸಲೆಂದೇ ಅಲ್ಲಿ ಎಷ್ಟೋ ಜನ ದುಡಿಯುತ್ತಾರೆ. ಅವರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪತ್ರ.

ನಾನು ಹಾಸನದವಳು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಟೋಕಿಯೊದ ನಿಶಿಕಸಾಯ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದು ಮಾಡುತ್ತಿದ್ದೇನೆ. ಆ ಬಡಾವಣೆಯಲ್ಲಿ ನಮ್ಮ ದೇಶದವರು ತುಂಬ. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಪಕ್ಕದಲ್ಲೇ ಸಿಗುತ್ತದೆ. ಸುಮ್ನೆ ಅಲ್ಲೇ ಇದ್ದುಬಿಟ್ಟರೆ ಜಪಾನಿನ ಗಾಳಿಯೂ ತಾಗುವುದಿಲ್ಲ.

ನನ್ನನ್ನು ಹೊರಗೆ ಎಳೆದದ್ದು ಒಂದು ಚಹಾ ಕೂಟ. ಅಲ್ಲಿನ ಸಮುದಾಯ ಭವನದಲ್ಲಿ ವಿದೇಶಿಯರಿಗಾಗಿ ಇಟ್ಟುಕೊಂಡಿದ್ದರು. ಜಪಾನಿನ ಚಹಾ ಪದ್ಧತಿ ಎಂದರೆ ಚಾಪೆಯ ಮೇಲೆ ಮೊಣಕಾಲು ಮಡಚಿ ಕೂರಬೇಕು ಅಂತ ಕೇಳಿದ್ದೆ. ನನ್ನ ಮೊಣಕಾಲು ಅದಕ್ಕೆ ಒಪ್ಪುವ ಸ್ಥಿತಿಯಲ್ಲಿ ಇಲ್ಲ. ಬಾಗಿಲಲ್ಲೇ ಹಿಂಜರಿದೆ. ಕಿಮೊನೊ ಉಟ್ಟ ಹಿರಿಯ ಶಿಕ್ಷಕಿ ಅದನ್ನು ಗಮನಿಸಿ ಮೇಜು, ಕುರ್ಚಿ ಇದ್ದ ಕಡೆಗೆ ಕರೆದುಕೊಂಡು ಹೋದರು. ಇದು ನನಗೋಸ್ಕರ ಮಾಡಿದ ರಿಯಾಯಿತಿ ಅಂದುಕೊಂಡೆ. ಹಾಗಲ್ಲವಂತೆ. 1872ರಲ್ಲಿ ಕ್ಯೋಟೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ, ಬರುವ ವಿದೇಶಿಯರು ನೆಲದ ಮೇಲೆ ಕೂರಲಾರರು ಅಂತ ಚಹಾ ಪದ್ಧತಿ ಕಲಿಸುವ ಉರಾಸೆಂಕೆ ಮನೆತನದ 11ನೇ ಗುರು ಈ ಮೇಜು ಕುರ್ಚಿಯ ಕ್ರಮವನ್ನು ರೂಪಿಸಿದರು. ಈಗ ಅದೂ ಸಂಪ್ರದಾಯದ್ದೇ ಒಂದು ಭಾಗ. ಜಪಾನೀಯರೂ ಹಾಗೆ ಕೂತು ಚಹಾ ಮಾಡುತ್ತಾರೆ.

ಕೂರುವುದು ಸುಲಭವಾಯಿತು, ಅಷ್ಟೇ. ಉಳಿದದ್ದರಲ್ಲಿ ಒಂದಿಷ್ಟೂ ಬಿಡಲಿಲ್ಲ. ಮೊದಲು ಸಿಹಿ ಕೊಟ್ಟರು, ಕೆಂಪು ಕಾಳಿನ ಹೂರಣ ತುಂಬಿದ್ದು. ಅದನ್ನು ತಿಂದು ಮುಗಿಸಿದ ಮೇಲೆಯೇ ಚಹಾ. ಹಸಿರು ಪುಡಿ ಕಹಿ ಇರುತ್ತದಲ್ಲ, ಬಾಯಲ್ಲಿ ಸಿಹಿ ಇದ್ದರೆ ಹಿತ. ಬಟ್ಟಲಿನ ಚೆಂದದ ಬದಿಯನ್ನು ಅತಿಥಿಯ ಕಡೆಗೆ ತಿರುಗಿಸಿ ಇಡುತ್ತಾರೆ. ಅತಿಥಿಯಾದವರು ಆ ಬದಿಗೆ ಬಾಯಿ ಹಚ್ಚಬಾರದು, ಬಟ್ಟಲನ್ನು ಸ್ವಲ್ಪ ತಿರುಗಿಸಿಕೊಂಡು ಕುಡಿಯಬೇಕು. ಆಮೇಲೆ ಬಿದಿರಿನ ಕುಂಚವನ್ನು ನಮ್ಮ ಕೈಗೇ ಕೊಟ್ಟು ಕಲಸಲು ಹೇಳಿದರು. ಕೈ ಗುಂಡಗೆ ತಿರುಗಿಸಿದರೆ ನೊರೆ ಬರುವುದಿಲ್ಲ. ಮಣಿಕಟ್ಟು ಸಡಿಲ ಬಿಟ್ಟು ಹಿಂದಕ್ಕೆ ಮುಂದಕ್ಕೆ ಬೇಗಬೇಗ ಆಡಿಸಬೇಕು. ಆ ಶಿಕ್ಷಕಿ ನನ್ನ ಮಣಿಕಟ್ಟು ಹಿಡಿದು ತೋರಿಸಿಕೊಟ್ಟರು.

ಇದೇ ಮನೆತನದ 15ನೇ ಗುರು ಸೆನ್ ಗೆನ್‌ಶಿತ್ಸು 2025ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಆತ್ಮಾಹುತಿ ವಿಮಾನ ದಳಕ್ಕೆ ಸೇರಿಸಲ್ಪಟ್ಟು, ಬದುಕಿ ಉಳಿದವರು. ಆಮೇಲೆ ಜೀವಮಾನವಿಡೀ ದೇಶದೇಶಗಳಿಗೆ ಹೋಗಿ ಜನರಿಗೆ ಚಹಾ ಮಾಡಿಕೊಟ್ಟರು. ಒಂದು ಬಟ್ಟಲು ಚಹಾದಿಂದ ಶಾಂತಿ ಅನ್ನುವುದು ಅವರ ನಂಬಿಕೆ. ಯುದ್ಧ ಕಂಡವರ ಬಾಯಲ್ಲಿ ಆ ಮಾತಿಗೆ ಬೇರೆಯೇ ತೂಕ ಇದೆ.

ಇನ್ನು ನಾರಾ ಎಂಬ ಊರಿನ ವಿಷಯ. ಜಪಾನಿನ ಹಲವು ಊರುಗಳಲ್ಲಿ ಗುಡ್‌ವಿಲ್ ಗೈಡ್ ಎಂಬ ಸ್ವಯಂಸೇವಕರ ಗುಂಪುಗಳಿವೆ. ನಿವೃತ್ತರು, ಗೃಹಿಣಿಯರು, ಕಾಲೇಜು ಹುಡುಗರು ಇರುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ. ಅವರ ರೈಲು ಬಸ್ಸಿನ ಖರ್ಚು, ದೇವಸ್ಥಾನದ ಟಿಕೆಟ್, ಮಧ್ಯಾಹ್ನದ ಊಟ ನಾವು ನೋಡಿಕೊಂಡರೆ ಸಾಕು. ನಾರಾದಲ್ಲಿ ನಮಗೆ ಸಿಕ್ಕವರು ಒಬ್ಬ ನಿವೃತ್ತ ಮೇಷ್ಟ್ರು. ಹೋಗುವ ಮೊದಲೇ ಇಮೇಲ್ ಮಾಡಿ ವಿಚಾರಿಸಿದ್ದರು. ಯಾವ ಊರಿನವರು? ಎಷ್ಟು ದೂರ ನಡೆಯಬಲ್ಲಿರಿ? ಏನು ತಿನ್ನುವುದಿಲ್ಲ? ಈಗಾಗಲೇ ಏನೇನು ನೋಡಿದ್ದೀರಿ?

ಯಾವ ಊರು ಅಂತ ಯಾಕೆ ಕೇಳಿದರು ಅನ್ನುವುದು ತೋಡೈಜಿ ದೇವಾಲಯದಲ್ಲಿ ಗೊತ್ತಾಯಿತು. ಅಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕೂತಿದ್ದಾನೆ. ಎತ್ತರ, ತೂಕ ಹೇಳಿ ಮುಗಿಸಬಹುದಿತ್ತು. ಮೇಷ್ಟ್ರು ಒಂದು ಫೈಲ್ ತೆಗೆದು ಚಿತ್ರ ತೋರಿಸುತ್ತ ಬೋಧಿಸೇನನ ಕಥೆ ಶುರು ಮಾಡಿದರು. ಬೋಧಿಸೇನ ಭಾರತದ ಭಿಕ್ಷು. ಚೀನಾಕ್ಕೆ ಹೋಗಿ, ಅಲ್ಲಿಂದ 736ರಲ್ಲಿ ಜಪಾನಿಗೆ ಬಂದವನು. 752ರಲ್ಲಿ ಈ ಬುದ್ಧನ ಕಣ್ಣು ತೆರೆಸುವ ವಿಧಿ ನಡೆಸಿದ್ದು ಅವನೇ. ಕಣ್ಣು ಬರೆಯಲು ಅವನ ಕೈಯಲ್ಲಿದ್ದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು. ರಾಜಮನೆತನದವರೂ ಸೇರಿದ ಜನ ಕೆಳಗೆ ನಿಂತು ಆ ದಾರ ಹಿಡಿದುಕೊಂಡಿದ್ದರು, ಪುಣ್ಯದಲ್ಲಿ ಎಲ್ಲರಿಗೂ ಪಾಲು ಸಿಗಲಿ ಅಂತ. ಆ ಕುಂಚ, ನೀಲಿ ದಾರ ಎರಡೂ ಹತ್ತಿರದ ಶೋಸೋಯಿನ್ ಭಂಡಾರದಲ್ಲಿ ಇವತ್ತಿಗೂ ಇವೆ. ಈಗ ನೀವು ನೋಡುತ್ತಿರುವ ತಲೆ ಮಾತ್ರ ಆಗಿನದಲ್ಲ, ಬೆಂಕಿಯಲ್ಲಿ ಹಾಳಾದ ಮೇಲೆ ಮತ್ತೆ ಎರಕ ಹೊಯ್ದದ್ದು ಅಂತ ಅದನ್ನೂ ಮುಚ್ಚಿಡದೆ ಹೇಳಿದರು.

ನಮ್ಮಲ್ಲೂ ಹೊಸ ವಿಗ್ರಹ ಪ್ರತಿಷ್ಠೆ ಮಾಡುವಾಗ ನೇತ್ರೋನ್ಮೀಲನ ಮಾಡುತ್ತೇವಲ್ಲ. ಅದನ್ನು ನಾನು ಹೇಳಿದೆ. ಶಿಲ್ಪಿ ಕಣ್ಣು ಬಿಡಿಸುವಾಗ ವಿಗ್ರಹದ ಮುಂದೆ ಕನ್ನಡಿ ಹಿಡಿಯುತ್ತಾರೆ ಎಂದಾಗ ಮೇಷ್ಟ್ರು ಪುಸ್ತಕ ತೆಗೆದು ಬರೆದುಕೊಂಡರು. ಅಲ್ಲಿಂದ ಮುಂದೆ ಅವರು ಗೈಡ್, ನಾನು ಪ್ರವಾಸಿ ಅನ್ನುವ ಭಾವವೇ ಹೋಯಿತು. ಸರಸ್ವತಿ ಬೆನ್‌ಜೈತೆನ್ ಆಗಿ ತಂತಿವಾದ್ಯ ಹಿಡಿದು ಕೂತಿರುವುದು, ಟೋಕಿಯೊದ ಅಸಾಕುಸಾ ಬಳಿ ಮತ್ಸುಚಿಯಾಮ ದೇವಾಲಯದಲ್ಲಿ ಗಣೇಶನ ರೂಪದ ದೇವರಿಗೆ ಮೂಲಂಗಿ ಅರ್ಪಿಸುವುದು, ಎಲ್ಲ ಮಾತಿಗೆ ಬಂತು. ಬಂದವರ ಊರು ಯಾವುದೆಂದು ತಿಳಿದುಕೊಂಡು ಅಲ್ಲಿಂದ ಮಾತು ಶುರು ಮಾಡುವುದಿದೆಯಲ್ಲ, ಪರಿಚಯ ಮಾಡಿಸುವುದು ಅಂದರೆ ಅದು. ಜರ್ಮನಿಯವರು ಬಂದಿದ್ದರೆ ಅವರು ಬೇರೆ ಕಥೆಯಿಂದ ಶುರು ಮಾಡುತ್ತಿದ್ದರು.

ಊಟದ ವಿಷಯದಲ್ಲೂ ಅದೇ ಪ್ರಾಮಾಣಿಕತೆ. ಜಪಾನಿನ ಸಾಂಪ್ರದಾಯಿಕ ಅಡುಗೆಗೆ 2013ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದೆ. ಆದರೆ ಆ ಅಡುಗೆಯ ತಳಹದಿಯೇ ದಾಶಿ ಎಂಬ ಸಾರು. ಸಾಮಾನ್ಯವಾಗಿ ಅದರಲ್ಲಿ ಒಣಮೀನು ಇರುತ್ತದೆ. ಬರೀ ತರಕಾರಿ ಕಾಣುವ ತಟ್ಟೆಯಲ್ಲೂ, ಸೋಬಾ ಶಾವಿಗೆ ಅದ್ದಿ ತಿನ್ನುವ ರಸದಲ್ಲೂ ಅದು ಇರಬಹುದು. ಮೇಷ್ಟ್ರು ಹೋಟೆಲಿಗೆ ಮೊದಲೇ ಫೋನ್ ಮಾಡಿ ಕೇಳಿ, ಇಲ್ಲಿ ನಿಮಗೆ ಆಗುವುದಿಲ್ಲ ಅಂದರು. ಬದಲಿಗೆ ಬೌದ್ಧ ಮಠಗಳ ಶೋಜಿನ್ ಊಟ ಸಿಗುವ ಕಡೆ ಕರೆದುಕೊಂಡು ಹೋದರು. ಅದರಲ್ಲಿ ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕಡಲಪಾಚಿ ಮತ್ತು ಒಣ ಅಣಬೆ. ಎಳ್ಳು ಅರೆದು ಗೆಡ್ಡೆಯ ಹಿಟ್ಟು ಸೇರಿಸಿ ಕಾಯಿಸಿ ಮಾಡಿದ ಮೆತ್ತನೆಯ ತುಂಡು ಬಾಯಲ್ಲಿಟ್ಟರೆ ಕರಗುತ್ತದೆ. ಸಸ್ಯಾಹಾರಿಗಳು ಇದನ್ನು ಗುರುತು ಹಾಕಿಟ್ಟುಕೊಳ್ಳಿ.

ಒಸಾಕಾದ ರಾಷ್ಟ್ರೀಯ ಬುನ್‌ರಾಕು ರಂಗಮಂದಿರದಲ್ಲಿ ಜೂನ್ ತಿಂಗಳಲ್ಲಿ ಮೊದಲ ಸಲ ನೋಡುವವರಿಗೆಂದೇ ಗೊಂಬೆಯಾಟ ಇಡುತ್ತಾರೆ. ಆಟಕ್ಕೆ ಮೊದಲು ಕಲಾವಿದರೇ ಬಂದು ಗೊಂಬೆ ಬಿಚ್ಚಿ ತೋರಿಸುತ್ತಾರೆ. ಒಂದು ಗೊಂಬೆಗೆ ಮೂವರು. ಮುಖ್ಯ ಕಲಾವಿದನದು ತಲೆ ಮತ್ತು ಬಲಗೈ, ಇನ್ನೊಬ್ಬರದು ಎಡಗೈ, ಮೂರನೆಯವರದು ಕಾಲು. ಹೆಣ್ಣು ಗೊಂಬೆಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ! ಕಾಲಿನವನು ಕಿಮೊನೊದ ಅಂಚನ್ನು ಒಳಗಿನಿಂದ ಮುಷ್ಟಿಯಲ್ಲಿ ಹಿಡಿದು ಆಡಿಸಿ, ಅವಳು ನಡೆಯುತ್ತಿದ್ದಾಳೆ, ಮೊಣಕಾಲೂರಿ ಕೂತಳು ಅಂತ ನಮಗೆ ಅನ್ನಿಸುವಂತೆ ಮಾಡುತ್ತಾನೆ. ಇದನ್ನು ನೋಡಿಕೊಂಡು ಆಮೇಲೆ ಆಟ ನೋಡಿದರೆ ಕಣ್ಣು ಆ ಅಂಚಿನ ಮೇಲೇ ಇರುತ್ತದೆ. ಹಾಡಿನ ಹಳೆಯ ಭಾಷೆ ಜಪಾನೀಯರಿಗೇ ಪೂರ್ತಿ ತಿಳಿಯದು. ಅದಕ್ಕೆ ರಂಗದ ಮೇಲ್ಗಡೆ ಜಪಾನಿ ಅಕ್ಷರ ಮೂಡುತ್ತದೆ, ನಮ್ಮಂಥವರಿಗೆ ಇಂಗ್ಲಿಷ್ ಇಯರ್‌ಫೋನ್ ಕೊಡುತ್ತಾರೆ. ಟೋಕಿಯೊದಲ್ಲಿ ಕಬುಕಿ ನಾಟಕ ಆಡುವ ಕಬುಕಿಜಾ ರಂಗಮಂದಿರದಲ್ಲೂ ಹೊಸಬರಿಗೆ ಅನುಕೂಲವಿದೆ. ಗಂಟೆಗಟ್ಟಲೆ ಕೂರಲಾರದವರಿಗೆ ಒಂದೇ ಅಂಕದ ಟಿಕೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ಆಟವನ್ನು ಪ್ರವಾಸಿಗರಿಗೋಸ್ಕರ ಕತ್ತರಿಸಿಲ್ಲ, ಟಿಕೆಟ್ ಮಾತ್ರ ಚಿಕ್ಕದು. ನಮ್ಮ ಬಡಗು, ತೆಂಕು ಯಕ್ಷಗಾನ ನೋಡಲು ಬರುವ ಹೊರಗಿನವರಿಗೂ ಭಾಗವತರ ಪದ ತಿಳಿಯಲು ಇಂಥದ್ದೊಂದು ಇಯರ್‌ಫೋನ್ ಬೇಕು. ಸಂಘಟಕರು ಯೋಚಿಸಲಿ.

ಹಳೆಯದಷ್ಟೇ ಅಲ್ಲ. ಕ್ಯೋಟೊದಲ್ಲಿ ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ 2006ರಿಂದ ಮಂಗಾ, ಅಂದರೆ ಜಪಾನಿ ಕಾಮಿಕ್ಸ್ ಮ್ಯೂಸಿಯಂ ಇದೆ. ಗೋಡೆಯುದ್ದಕ್ಕೂ 50,000ದಷ್ಟು ಚಿತ್ರಕಥೆ ಪುಸ್ತಕ. ಯಾವುದನ್ನು ಬೇಕಾದರೂ ತೆಗೆದು ಹೊರಗಿನ ಹುಲ್ಲುಹಾಸಿನ ಮೇಲೆ ಮಲಗಿ ಓದಬಹುದು. ನನ್ನ ಮೊಮ್ಮಗಳು ಅಲ್ಲಿಂದ ಏಳಲಿಲ್ಲ. ನನಗೆ ಹಿಡಿಸಿದ್ದು ಅಲ್ಲಿಯ ಕಮಿಶಿಬಾಯ್. ಮರದ ಚೌಕಟ್ಟಿನಲ್ಲಿ ಚಿತ್ರದ ಹಾಳೆಗಳಿಟ್ಟು, ಒಂದೊಂದಾಗಿ ಎಳೆಯುತ್ತ ಕಥೆ ಹೇಳುವುದು. 1930ರ ದಶಕದಲ್ಲಿ ಸೈಕಲ್ ಮೇಲೆ ಬಂದು ಮಿಠಾಯಿ ಮಾರುತ್ತ ಬೀದಿಯಲ್ಲಿ ಹೇಳುತ್ತಿದ್ದರು. ಟಿವಿ ಬಂದ ಮೇಲೆ ಅದು ಬಹುತೇಕ ನಿಂತಿತು. ಅದಕ್ಕೆ ಚಿತ್ರ ಬರೆಯುತ್ತಿದ್ದ ಮಿಝುಕಿ ಶಿಗೆರು ಅವರಂಥವರು ಆಮೇಲೆ ಮಂಗಾದಲ್ಲಿ ದೊಡ್ಡ ಹೆಸರಾದರು. ಹಳೆಯದು ಹೊಸದಕ್ಕೆ ಹೇಗೆ ದಾಟಿತು ಅನ್ನುವುದು ಅಲ್ಲಿ ಕೂತರೆ ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ಇರುವಾಗ ನಮ್ಮ ಪ್ರವಾಸಿ ಗುಂಪುಗಳು ಮಾಡುತ್ತಿರುವುದೇನು? ಕ್ಯೋಟೊದ ಗಿಯೋನ್ ಬಡಾವಣೆಯಲ್ಲಿ ಒಂದು ಗುಂಪಿನ ಮುಖ್ಯಸ್ಥರು, ಮೈಕೊ ಬಂದಳು ಓಡಿ ಓಡಿ ಅಂತ ಜನರನ್ನು ಫೋಟೊಗೆ ಅಟ್ಟಿದ್ದನ್ನು ನಾನೇ ನೋಡಿದೆ. ನನಗೆ ತುಂಬ ಸಂಕಟವಾಯಿತು. ಮೈಕೊ ಅಂದರೆ ನೃತ್ಯ, ವಾದ್ಯ ಕಲಿಯುತ್ತಿರುವ ಹದಿಹರೆಯದ ಹುಡುಗಿ. ಎತ್ತರದ ಮರದ ಪಾದರಕ್ಷೆ ಹಾಕಿಕೊಂಡು ಕೆಲಸಕ್ಕೆ ಹೊರಟಿರುತ್ತಾಳೆ. ಎಲ್ಲ ದೇಶದವರೂ ಸೇರಿ ಇಂಥ ಕಾಟ ಕೊಟ್ಟಿದ್ದಕ್ಕೇ 2024ರಲ್ಲಿ ಅಲ್ಲಿಯ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಬಾರದು, ಬಂದರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದರು. ಅದೇ ವರ್ಷ ಫ್ಯೂಜಿ ಬಳಿಯ ಫ್ಯೂಜಿಕವಾಗುಚಿಕೊ ಊರಿನಲ್ಲಿ, ಫೋಟೊಗಾಗಿ ಜನ ರಸ್ತೆಗೇ ನುಗ್ಗುತ್ತಾರೆಂದು ಬೆಟ್ಟ ಕಾಣದಂತೆ ಕಪ್ಪು ಪರದೆ ಕಟ್ಟಬೇಕಾಯಿತು.

ಕರ್ನಾಟಕದಿಂದ ಜನರನ್ನು ಕರೆದೊಯ್ಯುವ ಪ್ರವಾಸಿ ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ವಾರದಲ್ಲಿ ಐದು ಊರು ತುರುಕಬೇಡಿ. ಅರ್ಧ ದಿನವನ್ನಾದರೂ ಒಂದು ಚಹಾ ಕೂಟಕ್ಕೋ, ಗೊಂಬೆಯಾಟಕ್ಕೋ, ಸ್ವಯಂಸೇವಕ ಗೈಡ್ ಜೊತೆಗಿನ ನಡಿಗೆಗೋ ಬಿಡಿ. ಸಂಪಾದಕರೆ, ನಿಮ್ಮ ಪ್ರವಾಸದ ಪುಟದಲ್ಲಿ ಈ ಗುಂಪುಗಳ ಬಗ್ಗೆ ಒಂದು ಲೇಖನ ಬಂದರೆ ಎಷ್ಟೋ ಜನಕ್ಕೆ ಉಪಕಾರವಾಗುತ್ತದೆ.

ಸ್ವಂತವಾಗಿ ಹೋಗುವವರಿಗೂ ಒಂದು ಮಾತು. ಜಪಾನಿನ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯ ಜಾಲತಾಣದಲ್ಲಿ ಗುಡ್‌ವಿಲ್ ಗೈಡ್ ಗುಂಪುಗಳ ಪಟ್ಟಿ ಊರುವಾರು ಸಿಗುತ್ತದೆ. ವಿಮಾನದ ಟಿಕೆಟ್ ಮಾಡಿಸಿದ ಕೂಡಲೇ ಅವರಿಗೆ ಬರೆಯಿರಿ, ಚೆರ್ರಿ ಹೂವಿನ ಕಾಲದಲ್ಲಂತೂ ಇನ್ನೂ ಬೇಗ. ಬರಲಾಗದಿದ್ದರೆ ತಪ್ಪದೆ ಮೊದಲೇ ತಿಳಿಸಿ. ಆ ವಯಸ್ಸಾದವರು ನಿಮಗಾಗಿ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತಾರೆ.

ಇಂತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ಹಾಸನ