ಮಸಾಜ್ ಕಾಯ್ದಿರಿಸುವ ಕ್ರಮದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳಿನಿಂದ ನಮ್ಮ ಸಹಕಾರ ಸಂಘದಲ್ಲಿ ಮಸಾಜಿಗೆ ಸಮಯ ಕಾಯ್ದಿರಿಸುವಾಗ ತಾವು ಪದ್ಧತಿಯ ಹೆಸರನ್ನು ಆರಿಸಬೇಕಾಗಿಲ್ಲ. ಸ್ವೀಡಿಷ್, ಡೀಪ್ ಟಿಶ್ಯೂ, ಥಾಯ್, ಶಿಯಾತ್ಸು, ಅಭ್ಯಂಗ ಎಂದು ಸಾಲಾಗಿ ಬರೆದಿದ್ದ ಪಟ್ಟಿಯನ್ನು ತೆಗೆದು, ಎಷ್ಟು ಹೊತ್ತಿನ ಮಸಾಜ್ ಬೇಕೆಂಬುದನ್ನಷ್ಟೇ ಕೇಳಲಿದ್ದೇವೆ. ಯಾವ ಪದ್ಧತಿ ಎಂಬುದನ್ನು ತಾವು ಬಂದ ಮೇಲೆ, ಥೆರಪಿಸ್ಟರೊಡನೆ ಹತ್ತು ನಿಮಿಷ ಮಾತನಾಡಿ ನಿರ್ಧರಿಸಬಹುದು. ಈ ಹತ್ತು ನಿಮಿಷವನ್ನು ಮಸಾಜಿನ ಅವಧಿಯಿಂದ ಕಳೆಯುವುದಿಲ್ಲ. ಪದ್ಧತಿಗೊಂದು ದರವೂ ಇನ್ನು ಇರುವುದಿಲ್ಲ. ದರ ಅವಧಿಯನ್ನು ಮಾತ್ರ ಅವಲಂಬಿಸಿರುತ್ತದೆ.

ಪಟ್ಟಿಯಿಂದ ಆರಿಸುವವರಿಗೆ ಹೆಸರು ಕಾಣುತ್ತದೆಯೇ ಹೊರತು, ಮೈಮೇಲೆ ನಿಜವಾಗಿ ಏನು ನಡೆಯುತ್ತದೆಂಬುದು ಕಾಣುವುದಿಲ್ಲ. ಥಾಯ್ ಮಸಾಜನ್ನು ನೆಲದ ಮೇಲೆ ಹಾಸಿದ ಚಾಪೆಯಲ್ಲಿ, ಸಡಿಲವಾದ ಬಟ್ಟೆ ತೊಟ್ಟಿರುವಾಗಲೇ ಮಾಡುತ್ತಾರೆ. ಅದರಲ್ಲಿ ಎಣ್ಣೆ ಸಾಮಾನ್ಯವಾಗಿ ಇರುವುದಿಲ್ಲ, ಒತ್ತುವುದರ ಜೊತೆಗೆ ಕೈಕಾಲುಗಳನ್ನು ಎಳೆದು, ಬಾಗಿಸಿ, ತಿರುಗಿಸುವ ಕೆಲಸವೂ ಸಾಕಷ್ಟಿರುತ್ತದೆ. ಯುನೆಸ್ಕೋ 2019ರಲ್ಲಿ ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಕಣ್ಣು ಮುಚ್ಚಿ ಸುಮ್ಮನೆ ಮಲಗಿರಬೇಕೆಂದು ಬಂದವರಿಗೆ, ಅಥವಾ ಮಂಡಿ ಮಡಿಸಲು ಕಷ್ಟವಿರುವವರಿಗೆ, ಈ ಗೌರವದಿಂದ ಆಗುವ ಪ್ರಯೋಜನವೇನೂ ಇಲ್ಲ. ಜಪಾನಿನ ಶಿಯಾತ್ಸುವಿನಲ್ಲೂ ಬಟ್ಟೆ ತೆಗೆಯಬೇಕಾಗಿಲ್ಲ. ಹೆಬ್ಬೆರಳು ಮತ್ತು ಅಂಗೈಯಿಂದ ಒಂದೊಂದೇ ಜಾಗವನ್ನು ಅದುಮಿ ಹಿಡಿದು ಬಿಡುವುದು ಅದರ ಕ್ರಮ. ಅಭ್ಯಂಗದಲ್ಲಿ ಬೆಚ್ಚಗಿನ ಎಣ್ಣೆಯೇ ಮುಖ್ಯವಾಗಿದ್ದು, ಕೈ ಮೈಯುದ್ದಕ್ಕೂ ಹರಿಯುತ್ತಿರುತ್ತದೆ. ಎಣ್ಣೆಯ ಜಿಡ್ಡನ್ನು ಸಹಿಸದವರಿಗೆ, ತಕ್ಷಣ ಕೆಲಸಕ್ಕೆ ಹಿಂದಿರುಗಬೇಕಾದವರಿಗೆ ಅದು ಹೊಂದುವುದಿಲ್ಲ.

ಸ್ವೀಡಿಷ್ ಪದ್ಧತಿಯ ವಿಷಯ ಇನ್ನೂ ಸರಳ. ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು, ಕಂಪಿಸುವುದು ಎಂಬ ಐದು ಬಗೆಯ ಕೈಚಲನೆಗಳೇ ಅದರ ಆಧಾರ. ನಮ್ಮ ಥೆರಪಿಸ್ಟರೆಲ್ಲರೂ ಮೊದಲು ಕಲಿಯುವುದು ಇವನ್ನೇ. ಮುಂದೆ ಬೇರೆ ಏನನ್ನು ಕಲಿತರೂ ಈ ಚಲನೆಗಳು ಅದರೊಳಗೆ ಬೆರೆತೇ ಬೆರೆಯುತ್ತವೆ. ಹೀಗಾಗಿ ಪಟ್ಟಿಯಲ್ಲಿ ಎರಡು ಹೆಸರುಗಳ ನಡುವೆ ಕಾಣುತ್ತಿದ್ದ ಗೆರೆ ಮಸಾಜ್ ಮೇಜಿನ ಮೇಲೆ ಅಷ್ಟು ಸ್ಪಷ್ಟವಾಗಿರಲಿಲ್ಲ.

ಡೀಪ್ ಟಿಶ್ಯೂ ಬಗ್ಗೆ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಬಗ್ಗೆಯೇ. ಹಲವರು ಅದನ್ನು ಸಾಮಾನ್ಯ ಮಸಾಜಿನ ಮೇಲಿನ ದರ್ಜೆ ಎಂದೂ, ನೋವಾದಷ್ಟೂ ಗುಣ ಹೆಚ್ಚೆಂದೂ ಭಾವಿಸುತ್ತಾರೆ. ವಾಸ್ತವವಾಗಿ ಅದು ಕಡಿಮೆ ಎಣ್ಣೆಯಲ್ಲಿ, ಬೆರಳಗೆಣ್ಣು, ಮುಂಗೈ ಅಥವಾ ಮೊಣಕೈಯಿಂದ ಬಹಳ ನಿಧಾನವಾಗಿ, ಸಣ್ಣ ಭಾಗವೊಂದರ ಮೇಲೆ ಮಾಡುವ ಕೆಲಸ. ಒತ್ತಡ ತಡೆದುಕೊಳ್ಳುವ ಮಿತಿಯನ್ನು ಮೀರಿದಾಗ ಉಸಿರು ಬಿಗಿಯಾಗುತ್ತದೆ, ಸ್ನಾಯು ಸಡಿಲಗೊಳ್ಳುವ ಬದಲು ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಮರುದಿನ ಸ್ವಲ್ಪ ಮೈಕೈ ನೋವಿರುವುದು ಸಾಮಾನ್ಯ. ಚರ್ಮ ಕಂದುಗಟ್ಟುವುದನ್ನು ಮಾತ್ರ ಒಳ್ಳೆಯ ಕೆಲಸದ ಗುರುತೆಂದು ನಾವು ಒಪ್ಪುವುದಿಲ್ಲ. ಇದಕ್ಕೆ ವಿರುದ್ಧದ ತುದಿಯಲ್ಲಿರುವುದು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ರೂಪಿಸಿದ, ದುಗ್ಧರಸವನ್ನು (ಲಿಂಫ್, ಅಂದರೆ ಅಂಗಾಂಶಗಳಿಂದ ಬಸಿದು ಬರುವ ದ್ರವ) ಹರಿಸುವ ಮಸಾಜ್. ಅದರಲ್ಲಿ ಚರ್ಮ ತುಸು ಜರುಗುವಷ್ಟು ಮಾತ್ರ ಒತ್ತಡವಿರುತ್ತದೆ, ಬಲವಾಗಿ ಒತ್ತಿದರೆ ಅದರ ಉದ್ದೇಶವೇ ಕೆಡುತ್ತದೆ. ಒತ್ತಡವೆಂಬುದು ಹೀಗೆ ಉದ್ದೇಶಕ್ಕೆ ತಕ್ಕಂತೆ ಬದಲಾಗುವುದರಿಂದ, ಅದನ್ನು ಪ್ರತ್ಯೇಕ ಹೆಸರಿನಲ್ಲಿ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಒತ್ತಡ ಎಷ್ಟೆನಿಸುತ್ತದೆಂದು ಥೆರಪಿಸ್ಟರು ನಡುನಡುವೆ ಕೇಳುತ್ತಾರೆ. ದಾಕ್ಷಿಣ್ಯಕ್ಕೆ ಸಿಕ್ಕಿ ಸಹಿಸಿಕೊಳ್ಳದೆ ಹೇಳಿಬಿಡಬೇಕೆಂದು ಕೋರುತ್ತೇವೆ.

ಆರೋಗ್ಯದ ದೃಷ್ಟಿಯಿಂದ ಯಾವ ಪದ್ಧತಿ ಮೇಲು ಎಂದು ತಾವು ಕೇಳಬಹುದು. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಹೊಸದಾಗಿ ಕಾಣಿಸಿಕೊಂಡ ಸೊಂಟನೋವಿಗೆ ಔಷಧಿಯಿಲ್ಲದ ಉಪಾಯಗಳಲ್ಲಿ ಮಸಾಜನ್ನೂ ಸೇರಿಸಿದೆ, ಜೊತೆಗೆ ಅದಕ್ಕಿರುವ ಪುರಾವೆ ಬಲವಾದದ್ದಲ್ಲವೆಂದೂ ಹೇಳಿದೆ. ಆ ಶಿಫಾರಸಿನಲ್ಲಿ ಮಸಾಜ್ ಎಂದಷ್ಟೇ ಇದೆ, ಪದ್ಧತಿಯ ಹೆಸರಿಲ್ಲ. ನಮ್ಮ ಹಳೆಯ ಪಟ್ಟಿಯಲ್ಲಿದ್ದ ‘ದೇಹದ ವಿಷ ಹೊರಹಾಕುತ್ತದೆ’ ಎಂಬ ಮಾತನ್ನೂ ಕೈಬಿಟ್ಟಿದ್ದೇವೆ: ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಮಾಡುತ್ತವೆ, ವ್ಯಾಯಾಮದಿಂದ ಹುಟ್ಟಿದ ಲ್ಯಾಕ್ಟಿಕ್ ಆಮ್ಲವನ್ನು ಒಂದೆರಡು ಗಂಟೆಯೊಳಗೆ ದೇಹವೇ ಬಳಸಿಕೊಳ್ಳುತ್ತದೆ. ಪಾದದ ಒಂದೊಂದು ಬಿಂದುವನ್ನೂ ಒಂದೊಂದು ಅಂಗಕ್ಕೆ ಜೋಡಿಸಿ ತೋರಿಸುವ ಗೋಡೆಯ ನಕ್ಷೆಯೂ ಇನ್ನು ಇರುವುದಿಲ್ಲ. ಪಾದದ ಮಸಾಜ್ ಎಂದಿನಂತೆ ಮುಂದುವರಿಯುತ್ತದೆ. ಹಿತವಾಗಿರುವುದೇ ಅದಕ್ಕೆ ಸಾಕಷ್ಟು ಕಾರಣ.

ಹತ್ತು ನಿಮಿಷದ ಮಾತುಕತೆಯಲ್ಲಿ ಎಲ್ಲಿ ನೋವಿದೆ, ವಿಶ್ರಾಂತಿ ಬೇಕೋ ಬಿಗಿತ ಬಿಡಿಸಬೇಕೋ, ಎಣ್ಣೆ ಆಗುತ್ತದೆಯೋ, ಯಾವ ಭಾಗವನ್ನು ಮುಟ್ಟಬಾರದು ಎಂಬುದನ್ನು ಕೇಳುತ್ತೇವೆ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಮೂಳೆ ಸವಕಳಿ ಇರುವವರು ಹಾಗೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಅದನ್ನು ಮೊದಲೇ ತಿಳಿಸಬೇಕು. ಜ್ವರವಿದ್ದರೆ ಅಥವಾ ಚರ್ಮದ ಸೋಂಕಿದ್ದರೆ ದಯವಿಟ್ಟು ದಿನಾಂಕ ಮುಂದೂಡಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಆಗ ಯಾವ ಪದ್ಧತಿಯ ಮಸಾಜೂ ಸಲ್ಲದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಒಂದೇ ಪದ್ಧತಿಗೆ ಒಗ್ಗಿಕೊಂಡಿರುವ ಗ್ರಾಹಕರು ಅದನ್ನೇ ಕೇಳಿ ಪಡೆಯಲು ಯಾವ ಅಡ್ಡಿಯೂ ಇಲ್ಲ. ಥಾಯ್ ಮತ್ತು ಶಿಯಾತ್ಸು ಮಾಡುವವರು ಪ್ರತಿದಿನ ಇರುವುದಿಲ್ಲವಾದ್ದರಿಂದ, ಅವು ಬೇಕಿದ್ದವರು ಸಮಯ ಕಾಯ್ದಿರಿಸುವಾಗಲೇ ತಿಳಿಸಬೇಕು. ಈಗಾಗಲೇ ಹಣ ಪಾವತಿಸಿರುವ ಕೂಪನ್‌ಗಳು ಅವುಗಳ ಮೇಲೆ ನಮೂದಿಸಿರುವ ಪದ್ಧತಿಗೂ ಅವಧಿಗೂ ಹಾಗೆಯೇ ಸಲ್ಲುತ್ತವೆ. ಬದಲಿಸಿಕೊಳ್ಳಬಯಸುವವರು ಬರುವಾಗ ಕೂಪನ್ ತಂದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಎಲ್ಲ ಥೆರಪಿಸ್ಟರ ಪರವಾಗಿ)