ತರಬೇತಿ ಕೊಟ್ಟವರನ್ನು ಕುರ್ಚಿಯಲ್ಲಿ ಉಳಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಎಚ್‌ಐವಿ ಕಾರ್ಯಕ್ರಮ ನಡೆಸುವ ಅಧಿಕಾರಿಗಳ ತರಬೇತಿಗೆ ಹೊರದೇಶದ ನೆರವು ಬಂತೆಂದರೆ ಇಲಾಖೆಯಲ್ಲಿ ಒಂದು ಕಡತ ಓಡಾಡುತ್ತದೆ. ಎಷ್ಟು ಕಾರ್ಯಾಗಾರ, ಎಷ್ಟು ಜನ, ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿರುತ್ತದೆ. ತರಬೇತಿ ಪಡೆದವರು ಎರಡು ವರ್ಷದ ನಂತರ ಯಾವ ಕುರ್ಚಿಯಲ್ಲಿ ಕೂತಿರುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ಮುಂದಿನ ಕಡತಕ್ಕೆ ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಸೇರಿಸಿ ಎಂದು ಕೇಳಲು ಈ ಪತ್ರ.

2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಅದೇ ತಿಂಗಳ ಕೊನೆಗೆ ಹೈದರಾಬಾದಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಆ ನೆರವಿನಿಂದ ನಡೆಯುತ್ತಿದ್ದ ಮಿತ್ರ್ ಕ್ಲಿನಿಕ್ ಬಾಗಿಲು ಹಾಕಿತು. ಜುಲೈ 1ಕ್ಕೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಕೆಲಸ ನಿಲ್ಲಿಸಿತು. ನಮ್ಮಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ನಿಲ್ಲಲಿಲ್ಲ, ಏಕೆಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತದ (2021–26) ₹15,471.94 ಕೋಟಿ ಪೂರ್ತಿ ಕೇಂದ್ರ ಸರ್ಕಾರದ್ದೇ. ಹಾಗೆಂದು ನಿಶ್ಚಿಂತೆಯಾಗಿ ಇರುವಂತಿಲ್ಲ. ಹೊರಗಿನ ಹಣ ಇಲ್ಲಿ ಮಾತ್ರೆ ಕೊಳ್ಳುವುದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳದ ಕೆಲಸಗಳನ್ನು ಮಾಡಿಸುತ್ತಿತ್ತು: ಜಿಲ್ಲೆಗೆ ಹೋಗಿ ಕೈಹಿಡಿದು ಕಲಿಸುವವರು, ಅಂಕಿ-ಅಂಶದ ತಪ್ಪು ಸರಿಪಡಿಸುವವರು, ಸಮುದಾಯದ ಸಂಘಗಳಿಗೆ ಲೆಕ್ಕ ಬರೆಯಲು ಹೇಳಿಕೊಡುವವರು. ಮಾತ್ರೆ ಒಂದು ದಿನ ಇಲ್ಲದಿದ್ದರೆ ಗಲಾಟೆಯಾಗುತ್ತದೆ. ಇವರು ಹೋದರೆ ವರ್ಷದ ನಂತರ ವರದಿಯ ಅಂಕಿಗಳಲ್ಲಿ ಗೊತ್ತಾಗುತ್ತದೆ. 2023ರ ಅಂದಾಜಿನ ಪ್ರಕಾರ ರಾಜ್ಯದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 2.8 ಲಕ್ಷ, ಮಹಾರಾಷ್ಟ್ರ, ಆಂಧ್ರಪ್ರದೇಶ ಬಿಟ್ಟರೆ ನಾವೇ.

ನೆರವು ಬರುವುದು, ಹೋಗುವುದು ಕರ್ನಾಟಕಕ್ಕೆ ಹೊಸದಲ್ಲ. 2001ರಿಂದ ಕೆನಡಾ ಸರ್ಕಾರದ ಎಚ್‌ಐವಿ ಯೋಜನೆ ಇತ್ತು. 2003ರಲ್ಲಿ ಎಚ್‌ಐವಿ ಕೆಲಸಕ್ಕೆಂದು ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಗೇಟ್ಸ್ ಫೌಂಡೇಷನ್‌ನ ಎಚ್‌ಐವಿ ತಡೆ ಯೋಜನೆ ಆವಾಹನ್ ಆರು ರಾಜ್ಯಗಳಲ್ಲಿ ಶುರುವಾಯಿತು, ಅದರಲ್ಲಿ ನಮ್ಮದೂ ಒಂದು. ಆವಾಹನ್ ಹೋಗುವಾಗ ಒಂದೇ ಸಲಕ್ಕೆ ಕೈ ಬಿಡಲಿಲ್ಲ. 2009, 2011, 2012 ಎಂದು ಮೂರು ಸುತ್ತಿನಲ್ಲಿ ಕೆಲಸವನ್ನು ಸರ್ಕಾರಕ್ಕೆ ವಹಿಸಿತು. ವಹಿಸುವ ಮೊದಲೇ ವೆಚ್ಚದ ದರ, ವರದಿಯ ನಮೂನೆ, ಸಿಬ್ಬಂದಿಯ ಸಂಖ್ಯೆ ಎಲ್ಲವನ್ನೂ ಸರ್ಕಾರದ ಮಾನದಂಡಕ್ಕೆ ಇಳಿಸಿ ಅಭ್ಯಾಸ ಮಾಡಿಸಿತು. ಇದರಿಂದ ಸೇವೆ ಉಳಿಯಿತು. ಆದರೆ ಅನುದಾನದ ಕಂತು ತಡವಾದಾಗ, ಕಾಂಡೋಮ್ ದಾಸ್ತಾನು ಮುಗಿದಾಗ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ಬಲ್ಲವರು ಯೋಜನೆಯ ಸಂಬಳದಲ್ಲಿದ್ದವರು. ಸಂಬಳದ ಜೊತೆ ಅವರೂ ಹೋದರು. ಸೇವೆಯನ್ನು ಹಸ್ತಾಂತರಿಸಲು ನಮೂನೆಯಿತ್ತು, ನಡೆಸುವ ಬುದ್ಧಿಯನ್ನು ಹಸ್ತಾಂತರಿಸಲು ಇರಲಿಲ್ಲ.

ಅದಕ್ಕೂ ನಮೂನೆ ಇದೆ. ದೂರ ಹುಡುಕಬೇಕಿಲ್ಲ, ಬಳ್ಳಾರಿ ರಸ್ತೆಯಲ್ಲೇ ಇದೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. ಜಿಲ್ಲಾ ಕ್ಷಯರೋಗ ಅಧಿಕಾರಿಯನ್ನು ಅಲ್ಲಿ ಒಬ್ಬರನ್ನೇ ಕರೆಸಿ ಪಾಠ ಮಾಡಿ ಕಳಿಸುತ್ತಿರಲಿಲ್ಲ. ಅವರ ಜೊತೆ ಚಿಕಿತ್ಸಾ ಸಂಘಟಕ, ಲ್ಯಾಬ್ ತಂತ್ರಜ್ಞ, ಎಕ್ಸ್‌ರೇ ತಂತ್ರಜ್ಞ, ಅಂಕಿ-ಅಂಶ ಸಹಾಯಕ, ಬಿಸಿಜಿ ಲಸಿಕೆ ತಂಡದ ಮುಖ್ಯಸ್ಥ, ಹೀಗೆ ಇಡೀ ಜಿಲ್ಲಾ ತಂಡವೇ ಕಲಿಯುತ್ತಿತ್ತು. ಒಬ್ಬರು ವರ್ಗವಾದರೂ ಉಳಿದವರಿಗೆ ಕೆಲಸ ಗೊತ್ತಿರುತ್ತಿತ್ತು. ನೆರವು ಕೊಟ್ಟವರ ಹೆಸರು ಇವತ್ತು ಹೆಚ್ಚು ಜನಕ್ಕೆ ನೆನಪಿಲ್ಲ, ಸಂಸ್ಥೆ ಇದೆ. ನೆರವು ಇರಬೇಕಾದದ್ದೇ ಹಾಗೆ.

ಇದನ್ನು ಎಚ್‌ಐವಿಗೆ ಹೊಂದಿಸಿದರೆ ಲೆಕ್ಕ ಹೀಗೆ ಬರುತ್ತದೆ. ಒಂದು ಜಿಲ್ಲೆಗೆ ಐದು ಜನರ ತಂಡ: ಏಡ್ಸ್ ನಿಯಂತ್ರಣದ ಹೊಣೆ ಹೊತ್ತ ವೈದ್ಯಾಧಿಕಾರಿ, ಎಆರ್‌ಟಿ ಕೇಂದ್ರದ ಹಿರಿಯ ವೈದ್ಯರು, ಕಾರ್ಯಕ್ರಮ ವ್ಯವಸ್ಥಾಪಕರು, ದತ್ತಾಂಶ ನೋಡುವವರು, ಸಮುದಾಯದ ಸಂಘದಿಂದ ಒಬ್ಬರು. 31 ಜಿಲ್ಲೆಗೆ 155 ಜನ. ಆರಾರು ಜಿಲ್ಲೆಗಳ ನಾಲ್ಕು ತಂಡಗುಚ್ಛ, ಐದನೆಯದಾದ ಕೊನೆಯದರಲ್ಲಿ ಏಳು. ಪ್ರತಿ ಗುಚ್ಛಕ್ಕೆ ಒಂದು ವರ್ಷ. ನಾಲ್ಕು ತಿಂಗಳಿಗೊಂದು ಗುಚ್ಛ ಆರಂಭಿಸಿದರೆ 28 ತಿಂಗಳಲ್ಲಿ ರಾಜ್ಯ ಮುಗಿಯುತ್ತದೆ. ತರಗತಿ ವರ್ಷಕ್ಕೆ ಮೂರು ವಾರ ಸಾಕು. ಮಾಗಡಿ ರಸ್ತೆಯ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಲ್ಲಿ ನಡೆಸಬಹುದು, ಹೋಟೆಲ್ ಬೇಕಿಲ್ಲ. ಉಳಿದದ್ದೆಲ್ಲ ಜಿಲ್ಲೆಯಲ್ಲೇ, ತಿಂಗಳಿಗೆ ಎರಡು ದಿನ ಬರುವ ಮಾರ್ಗದರ್ಶಕರ ಜೊತೆ. ಒಬ್ಬ ಮಾರ್ಗದರ್ಶಕರಿಗೆ ಮೂರು ಜಿಲ್ಲೆ. ಏಕಕಾಲಕ್ಕೆ ಮೂರು ಗುಚ್ಛ ನಡೆಯುವುದರಿಂದ ಆರು ಮಾರ್ಗದರ್ಶಕರು ಸಾಕು. ಕೊನೆಗೆ ಒಬ್ಬರಿಗೆ ನಾಲ್ಕು ಜಿಲ್ಲೆ ಬೀಳುತ್ತದೆ. ಹೊರಗಿನ ಹಣ ಖರ್ಚಾಗಬೇಕಾದದ್ದು ಈ ಆರು ಜನರ ಮೇಲೆ. ಬ್ಯಾಗು, ಬ್ಯಾನರು, ಸ್ಮರಣಿಕೆಗಳ ಮೇಲಲ್ಲ.

ನಾಯಕತ್ವ ಎಂದೊಡನೆ ವ್ಯಕ್ತಿತ್ವ ವಿಕಸನದ ಸ್ಲೈಡುಗಳು ಬಂದುಬಿಡುತ್ತವೆ. ಅವು ಬೇಡ. ತಂಡದ ಕೈಗೆ ಜಿಲ್ಲೆಯದೇ ಒಂದು ತೊಡಕು ಕೊಡಿ. ಉದಾಹರಣೆಗೆ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವುದು. ಎಆರ್‌ಟಿ ಶುರುವಾದ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಆಗಬೇಕು. ಎಲ್ಲಿ ತಪ್ಪುತ್ತದೆ? ಬಾಕಿ ಇರುವವರ ಪಟ್ಟಿಯನ್ನು ತಿಂಗಳ ಮೊದಲೇ ತೆಗೆಯದಿದ್ದರೆ ವ್ಯಕ್ತಿ ಮಾತ್ರೆಗೆ ಬಂದು ಹೋದ ಮೇಲೆ ನೆನಪಾಗುತ್ತದೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟಿದ್ದರೆ ಅವರು ಮತ್ತೆ ಬರುವುದು ಮೂರು ತಿಂಗಳಿಗೆ. ರಕ್ತ ತೆಗೆಯುವುದು ವಾರದಲ್ಲಿ ಎರಡೇ ಬೆಳಿಗ್ಗೆ ಎಂದಾದರೆ ಕೂಲಿ ಬಿಟ್ಟು ಬೇರೆ ದಿನ ಬಂದವರು ವಾಪಸ್ ಹೋಗುತ್ತಾರೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಕೆಲವೇ ಗಂಟೆಗಳಲ್ಲಿ ಬೇರ್ಪಡಿಸಬೇಕು. ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಕೆಟ್ಟಿದ್ದರೆ ಆ ದಿನದ ಮಾದರಿಗಳೆಲ್ಲ ದಂಡ. ಎಲ್ಲ ಸರಿಯಾಗಿ ಫಲಿತಾಂಶ ಬಂದರೂ ಅದು ಕಂಪ್ಯೂಟರಿನಲ್ಲೇ ಉಳಿದು, ವೈದ್ಯರ ಮುಂದಿರುವ ಹಸಿರು ಪುಸ್ತಕಕ್ಕೆ (ರೋಗಿಯ ಚಿಕಿತ್ಸಾ ದಾಖಲೆ) ಏರುವುದಿಲ್ಲ. ಮಿಲಿಲೀಟರಿಗೆ ವೈರಸ್ಸಿನ 1,000 ಪ್ರತಿಗಳಿಗಿಂತ ಹೆಚ್ಚಿದ್ದರೆ ಮೂರು ಸುತ್ತು ವಿಶೇಷ ಆಪ್ತ ಸಮಾಲೋಚನೆ, ಮೂರು ತಿಂಗಳಿಗೆ ಮರುಪರೀಕ್ಷೆ, ಆಗಲೂ ಇಳಿಯದಿದ್ದರೆ ತಜ್ಞರ ಸಮಿತಿಗೆ ಕಳಿಸಬೇಕು. ಇಷ್ಟು ಮೆಟ್ಟಿಲುಗಳಲ್ಲಿ ಯಾವ ಮೆಟ್ಟಿಲಲ್ಲಿ ಎಷ್ಟು ಜನ ಜಾರುತ್ತಿದ್ದಾರೆ ಎಂದು ಎಚ್‌ಐವಿ ಸೇವೆಗಳ ಮಾಹಿತಿ ದಾಖಲಾಗುವ ಸೋಚ್ ಪೋರ್ಟಲಿನಿಂದ ಎಣಿಸಿ, ಒಂದನ್ನು ಸರಿಪಡಿಸಿ, ಆರು ತಿಂಗಳಿಗೆ ಮತ್ತೆ ಎಣಿಸುವ ತಂಡಕ್ಕೆ ನಾಯಕತ್ವ ಎಂದರೇನು ಎಂದು ಬೇರೆ ಹೇಳಿಕೊಡಬೇಕಿಲ್ಲ. ಪರೀಕ್ಷೆಯೂ ಅದೇ ಆಗಲಿ. ತರಬೇತಿಯ ಮೊದಲ ದಿನ ಮತ್ತು ಕೊನೆಯ ದಿನ ಬರೆಸುವ ಪ್ರಶ್ನೆಪತ್ರಿಕೆಯ ಅಂಕ ಏರಿದ್ದು ಯಾರಿಗೂ ಉಪಯೋಗವಿಲ್ಲ.

ಇದೆಲ್ಲ ಕೆಡುವುದು ಮುಖ್ಯವಾಗಿ ವರ್ಗಾವಣೆಯಿಂದ. ಆರು ತಿಂಗಳು ಕಲಿತ ವೈದ್ಯಾಧಿಕಾರಿ ಏಳನೇ ತಿಂಗಳು ಬೇರೆ ತಾಲ್ಲೂಕು ಆಸ್ಪತ್ರೆಯಲ್ಲಿರುತ್ತಾರೆ. ವೈದ್ಯಾಧಿಕಾರಿಗಳ ವರ್ಗಾವಣೆಗೆಂದೇ 2011ರ ಕಾಯ್ದೆ ಇರುವ ರಾಜ್ಯ ನಮ್ಮದು; ತರಬೇತಿ ಮುಗಿದ ದಿನದಿಂದ ಮೂರು ವರ್ಷ ಆ ಹುದ್ದೆ ಬದಲಿಸುವಂತಿಲ್ಲ ಎಂಬ ಷರತ್ತನ್ನು ನೇಮಕದ ಆದೇಶದಲ್ಲೇ ಬರೆಯಿರಿ. ಎರಡನೆಯದು, ಅಧಿಕಾರಿ ತರಗತಿಗೆ ಬಂದ ವಾರ ಜಿಲ್ಲೆಯಲ್ಲಿ ಅವರ ಕೆಲಸ ಯಾರದು ಎಂದು ಲಿಖಿತವಾಗಿ ಹೇಳದಿದ್ದರೆ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ, ಎರಡನೇ ದಿನ ಊರಿಗೆ ಹೊರಡುತ್ತಾರೆ. ಮೂರನೆಯದು ಹೇಳಲು ಮುಜುಗರ: ತಾಂತ್ರಿಕ ನೆರವಿನ ಸಲಹೆಗಾರರು ಚುರುಕಾಗಿದ್ದಷ್ಟೂ ಅಧಿಕಾರಿಗಳು ಕಲಿಯುವುದು ಕಡಿಮೆ. ಕ್ರಿಯಾಯೋಜನೆ, ಪರಿಶೀಲನಾ ಸಭೆಯ ಟಿಪ್ಪಣಿ, ಕೇಂದ್ರಕ್ಕೆ ಉತ್ತರ ಎಲ್ಲವನ್ನೂ ಸಲಹೆಗಾರರೇ ಬರೆದುಕೊಡುತ್ತಾರೆ. ಮಾರ್ಗದರ್ಶಕರು ಕೈಯಿಂದ ಏನನ್ನೂ ಬರೆಯಬಾರದು, ಪ್ರಶ್ನೆ ಮಾತ್ರ ಕೇಳಬೇಕು ಎಂಬ ನಿಯಮ ಒಪ್ಪಂದದಲ್ಲಿರಲಿ. ಇನ್ನು ಗುತ್ತಿಗೆ ನೌಕರರ ಮಾತು. ವರ್ಷಕ್ಕೊಮ್ಮೆ ನವೀಕರಣಕ್ಕೆ ಕಾಯುವವರು ಮುಂದಿನ ವರ್ಷದ ಯೋಜನೆಯನ್ನು ಹೇಗೆ ಹಾಕುತ್ತಾರೆ?

ಹಣ ಬರುವ ದಾರಿಯೂ ಬದಲಾಗಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಅಂದರೆ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ ಹಣ ತಂದು ರಾಯಚೂರು, ಬಾಗಲಕೋಟೆಯ ಚಿಕ್ಕ ಸಂಘಗಳಿಗೆ ಹಂಚುವ ಹಳೆಯ ಪದ್ಧತಿ ಸಾಧ್ಯವಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಆದರೆ ತರಬೇತಿಯೇ ಮುಖ್ಯ ಕೆಲಸವಾಗಿರುವ ಸಂಸ್ಥೆಯಲ್ಲಿ ತರಬೇತಿ ಕೊಡುವವರ ಸಂಬಳ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಪಾಲುದಾರರನ್ನು ಆರಿಸುವಾಗ ಇಲಾಖೆ ಇದನ್ನು ನೋಡಲಿ. ಜೊತೆಗೆ ಮಾರ್ಗದರ್ಶಕರ ಸಂಬಳದಲ್ಲಿ ರಾಜ್ಯದ ಪಾಲು ಮೊದಲ ವರ್ಷ ಕಾಲುಭಾಗ, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಪೂರ್ತಿ ಎಂದು ಬಜೆಟ್ ಶೀರ್ಷಿಕೆ (ಖರ್ಚು ಹಾಕುವ ಲೆಕ್ಕದ ಸಾಲು) ಸಮೇತ ಒಪ್ಪಂದದ ದಿನವೇ ನಿಗದಿಯಾಗಲಿ. ಶೀರ್ಷಿಕೆ ತೆರೆಯದೆ ಮಾಡಿದ ಹಸ್ತಾಂತರ ಬರೀ ಸಮಾರಂಭ.

ಐದನೇ ಕುರ್ಚಿಯನ್ನು, ಅಂದರೆ ಸಮುದಾಯದವರದನ್ನು, ಮೊದಲು ಕತ್ತರಿಸುವ ಅಭ್ಯಾಸವಿದೆ. ಮೈಸೂರಿನ ಅಶೋದಯ ಸಮಿತಿಯನ್ನು ನೋಡಿ. ಲೈಂಗಿಕ ಕಾರ್ಯಕರ್ತರೇ ನಡೆಸುವ ಆ ಸಂಘಕ್ಕೆ ಬೇರೆ ದೇಶಗಳಿಂದಲೂ ಕಲಿಯಲು ಜನ ಬಂದಿದ್ದಾರೆ. ಮಾತ್ರೆ ಕೊರತೆಯಾದಾಗ ಪೋರ್ಟಲಿಗಿಂತ ಮೊದಲು ತಿಳಿಯುವುದೂ ಸಮುದಾಯದವರಿಗೇ. 2022ರ ಜುಲೈನಲ್ಲಿ ಮಾತ್ರೆ ಕೊರತೆಯ ವಿರುದ್ಧ ದೆಹಲಿಯ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿಯಲ್ಲಿ ಧರಣಿ ಕೂತವರು ಎಚ್‌ಐವಿ ಜೊತೆ ಬದುಕುತ್ತಿರುವವರೇ.

ನಿಮ್ಮಿಂದ ಬೇಕಿರುವುದು ಎರಡು ಆದೇಶ. ಮೂರು ವರ್ಷದ ಹುದ್ದೆ ಷರತ್ತಿನದು ಒಂದು, ಬಜೆಟ್ ಶೀರ್ಷಿಕೆಯದು ಇನ್ನೊಂದು. ಎರಡನೆಯದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ, ಆದ್ದರಿಂದ ಅದನ್ನು ಮೊದಲು ಕಳಿಸಿ.

ಇಂತಿ,
ಎಚ್‌ಐವಿ ಮತ್ತು ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳಲ್ಲಿ ಕೆಲಸ ಮಾಡುವ ಕೆಲವರು
ಬೆಂಗಳೂರು